ಕ್ರಿಟಿಕಲ್ ರೀಸನಿಂಗ್: ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಐಐಎಂ ಬೆಂಗಳೂರಿನ ಇಪಿಜಿಪಿಗೆ (ಉದ್ಯೋಗಾನುಭವ ಇರುವವರ ಒಂದು ವರ್ಷದ ಎಂಬಿಎ) ಅರ್ಜಿ ಹಾಕಲು ಇನ್ನೆರಡು ತಿಂಗಳಲ್ಲಿ ಪ್ರವೇಶ ಪರೀಕ್ಷೆ ಜಿಮ್ಯಾಟ್ ಬರೆಯಬೇಕು. ಅದರ ಕ್ರಿಟಿಕಲ್ ರೀಸನಿಂಗ್‌ನಲ್ಲಿ, ಅಂದರೆ ಪುಟ್ಟ ವಾದವೊಂದನ್ನು ಓದಿ ಐದು ಆಯ್ಕೆಗಳಲ್ಲಿ ಉತ್ತರ ಆರಿಸುವ ಪ್ರಶ್ನೆಗಳಲ್ಲಿ, ಗಡಿಯಾರ ನೋಡದೆ ಮಾಡಿದರೆ ಹತ್ತಕ್ಕೆ ಎಂಟು ಸರಿ ಬರುತ್ತದೆ, ಆದರೆ ಒಂದೊಂದಕ್ಕೂ ಮೂರು ನಿಮಿಷ ಹಿಡಿಯುತ್ತದೆ. ಎರಡೇ ನಿಮಿಷಕ್ಕೆ ಮುಗಿಸಲು ಹೋದರೆ ಸರಿಯಾಗುವುದು ಐದು. ವೇಗ ಹೆಚ್ಚಿಸಿಕೊಳ್ಳಲೋ, ಕೆಲವು ಪ್ರಶ್ನೆ ಬಿಟ್ಟು ಉಳಿದವನ್ನು ನೆಟ್ಟಗೆ ಮಾಡಲೋ? ಎರಡು ತಿಂಗಳು ಸಾಕೇ?

ಉತ್ತರ: ಬಿಡುವ ಯೋಚನೆಯನ್ನು ಮೊದಲು ಬದಿಗಿಡಿ. ಜಿಮ್ಯಾಟ್‌ನಲ್ಲಿ ಏನಾದರೊಂದು ಉತ್ತರ ಗುರುತು ಹಾಕದೆ ಮುಂದಿನ ಪ್ರಶ್ನೆ ತೆರೆಯುವುದೇ ಇಲ್ಲ. ಹೊತ್ತು ಸಾಲದೆ ಕೊನೆಯ ಪ್ರಶ್ನೆಗಳು ಹಾಗೇ ಉಳಿದರೆ ಅದಕ್ಕೆ ದಂಡ ಬೀಳುತ್ತದೆ. ಕಣ್ಣು ಮುಚ್ಚಿ ಒಂದನ್ನು ಒತ್ತಿದ್ದರೂ ಅದಕ್ಕಿಂತ ವಾಸಿ.

ಇನ್ನು ಸಮಯದ ಲೆಕ್ಕ. ಈ ಪ್ರಶ್ನೆಗಳು ಬರುವ ವರ್ಬಲ್ (ಇಂಗ್ಲಿಷ್ ಓದು, ತರ್ಕದ) ವಿಭಾಗಕ್ಕೆ ಈಗ 45 ನಿಮಿಷ, 23 ಪ್ರಶ್ನೆ. 2023ರ ನವೆಂಬರ್‌ನಲ್ಲಿ ಹೊಸ ರೂಪ ಬಂದಾಗ ಸೆಂಟೆನ್ಸ್ ಕರೆಕ್ಷನ್ (ವಾಕ್ಯ ತಿದ್ದುವ ಪ್ರಶ್ನೆ) ಹೋಯಿತು. ಉಳಿದದ್ದು ರೀಡಿಂಗ್ ಕಾಂಪ್ರಹೆನ್ಷನ್ (ಪ್ಯಾಸೇಜ್ ಓದಿ ಉತ್ತರಿಸುವುದು) ಮತ್ತು ಕ್ರಿಟಿಕಲ್ ರೀಸನಿಂಗ್ ಮಾತ್ರ. ಇದು ಸಣ್ಣ ಬದಲಾವಣೆ ಅಲ್ಲ. 65 ನಿಮಿಷಕ್ಕೆ 36 ಪ್ರಶ್ನೆ ಇದ್ದ ಹಿಂದಿನ ರೂಪದಲ್ಲಿ ವ್ಯಾಕರಣ ಗಟ್ಟಿಯಿದ್ದವರು ಸೆಂಟೆನ್ಸ್ ಕರೆಕ್ಷನ್ ಪ್ರಶ್ನೆಯನ್ನು ಒಂದು ನಿಮಿಷ ಚಿಲ್ಲರೆಗೆ ಮುಗಿಸಿ, ಉಳಿದ ಹೊತ್ತನ್ನು ಕ್ರಿಟಿಕಲ್ ರೀಸನಿಂಗ್‌ಗೆ ಹಾಕುತ್ತಿದ್ದರು. ಆ ಗಂಟು ಈಗಿಲ್ಲ. ಹಳೆಯ ಪುಸ್ತಕಗಳಲ್ಲಿ ‘ಕಷ್ಟದ ಪ್ರಶ್ನೆಗೆ ಎರಡೂವರೆ ನಿಮಿಷ ಧಾರಾಳವಾಗಿ ಕೊಡಿ’ ಎಂಬಂಥ ಸಲಹೆ ಕಂಡರೆ ಅದು ಆ ಕಾಲದ್ದು ಎಂದುಕೊಳ್ಳಿ.

23ರಲ್ಲಿ ಸುಮಾರು 10 ಕ್ರಿಟಿಕಲ್ ರೀಸನಿಂಗ್, 13 ರೀಡಿಂಗ್ ಎಂದು ಇಟ್ಟುಕೊಳ್ಳೋಣ. ನಾಲ್ಕು ಪ್ಯಾಸೇಜ್ ಓದಲು ತಲಾ 2 ನಿಮಿಷದಂತೆ 8 ನಿಮಿಷ. ಅವುಗಳ 13 ಪ್ರಶ್ನೆಗೆ ತಲಾ ಒಂದೂಕಾಲು ನಿಮಿಷದಂತೆ 16 ನಿಮಿಷ 15 ಸೆಕೆಂಡ್. ಕ್ರಿಟಿಕಲ್ ರೀಸನಿಂಗ್‌ಗೆ ತಲಾ 2 ನಿಮಿಷದಂತೆ 20. ಒಟ್ಟು 44 ನಿಮಿಷ 15 ಸೆಕೆಂಡ್, ಉಳಿಯುವುದು ಮುಕ್ಕಾಲು ನಿಮಿಷ. ನಿಮ್ಮ ಈಗಿನ ಮೂರು ನಿಮಿಷದ ಲೆಕ್ಕದಲ್ಲಿ ಕ್ರಿಟಿಕಲ್ ರೀಸನಿಂಗ್ ಒಂದೇ 30 ನಿಮಿಷ ನುಂಗುತ್ತದೆ. ಮಿಕ್ಕ 15ರಲ್ಲಿ ನಾಲ್ಕು ಪ್ಯಾಸೇಜ್ ಓದಿ 13 ಉತ್ತರ ಕೊಡುವುದು ಆಗದ ಮಾತು. ಆದ್ದರಿಂದ ಸರಾಸರಿ ಎರಡು ನಿಮಿಷಕ್ಕೆ ಬರಲೇಬೇಕು, ಅದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಹಾಗಂತ ಎಲ್ಲವನ್ನೂ ಬೇಗ ಬೇಗ ಓದುವುದು ಮದ್ದಲ್ಲ. ನಿಮ್ಮ ಎಂಟು ಐದಕ್ಕೆ ಇಳಿದದ್ದೇ ಅದರಿಂದ. ನೀವು ಕತ್ತರಿ ಹಾಕಿದ್ದು ತಪ್ಪು ಜಾಗಕ್ಕೆ.

ಆ ಜಾಗ ಯಾವುದೆಂದು ಹುಡುಕಲು ಮೊಬೈಲಿನ ಸ್ಟಾಪ್‌ವಾಚ್ ಸಾಕು, ‘ಲ್ಯಾಪ್’ ಗುಂಡಿ ಇರಬೇಕು ಅಷ್ಟೆ. ಪ್ರತಿ ಪ್ರಶ್ನೆಯಲ್ಲಿ ಮೂರು ಸಲ ಒತ್ತಿ: ವಾದ ಓದಿ ಮುಗಿಸಿ ಆಯ್ಕೆಗಳಿಗೆ ಕಣ್ಣು ಹಾಕುವ ಮುಂಚೆ ಒಮ್ಮೆ, ಐದೂ ಆಯ್ಕೆಗಳನ್ನು ಒಂದು ಸುತ್ತು ಓದಿದ ಮೇಲೆ ಇನ್ನೊಮ್ಮೆ, ಉತ್ತರ ಗುರುತಿಸಿದಾಗ ಮತ್ತೊಮ್ಮೆ. ಇಪ್ಪತ್ತು ಪ್ರಶ್ನೆ ಹೀಗೆ ಮಾಡಿ ಬರೆದಿಡಿ. ಮೂರು ನಿಮಿಷ ಹಿಡಿಯುವವರ ಹಾಳೆ ಸಾಮಾನ್ಯವಾಗಿ ಹೀಗಿರುತ್ತದೆ: ವಾದಕ್ಕೆ 35 ಸೆಕೆಂಡ್, ಮೊದಲ ಸುತ್ತಿಗೆ 45, ಆಮೇಲೆ ಎರಡು ಆಯ್ಕೆಗಳ ನಡುವೆ ತೂಗಾಡಿದ್ದು 100. ಅಂದರೆ ವಾದವನ್ನು ಆಗಲೇ ಓಡಿಕೊಂಡು ಓದಿದ್ದಾರೆ. ಅದು ತಲೆಗೆ ಹತ್ತದ ಕಾರಣ ಪ್ರತಿ ಆಯ್ಕೆಗೂ ಮೇಲೆ ಹೋಗಿ ಮತ್ತೆ ಓದುತ್ತಾರೆ. ಗಡಿಯಾರ ಇಟ್ಟಾಗ ಅವರು ಕತ್ತರಿಸುವುದು ಆ 35ನ್ನೇ, 25 ಮಾಡುತ್ತಾರೆ. ಬುಡವೇ ಅಲುಗಾಡುತ್ತದೆ.

ನೀವು ತಲುಪಬೇಕಾದ ಹಂಚಿಕೆ ಇದರ ತಲೆಕೆಳಗು: ವಾದಕ್ಕೆ 55 ಸೆಕೆಂಡ್, ಮೊದಲ ಸುತ್ತಿಗೆ 40, ಕೊನೆಯ ತೀರ್ಪಿಗೆ 20. ಒಟ್ಟು 115. ಮೇಲ್ಭಾಗದಲ್ಲಿ ಈಗಿನದಕ್ಕಿಂತ ನಿಧಾನ, ಕೆಳಭಾಗದಲ್ಲಿ ತುಂಬ ಚುರುಕು.

ಆ 55 ಸೆಕೆಂಡಿನಲ್ಲಿ ಏನೇನು ಆಗಬೇಕು? ಮೊದಲ ಐದು ಸೆಕೆಂಡ್ ಕೆಳಗಿನ ಪ್ರಶ್ನೆಯ ಸಾಲಿಗೆ. ವೀಕನ್ (ವಾದವನ್ನು ದುರ್ಬಲಗೊಳಿಸುವುದು), ಸ್ಟ್ರೆಂಗ್ತನ್ (ಬಲಪಡಿಸುವುದು), ಅಸಂಪ್ಶನ್ (ವಾದ ಹೇಳದೆಯೇ ನಂಬಿಕೊಂಡದ್ದು), ಇನ್ಫರೆನ್ಸ್ (ಕೊಟ್ಟ ಸಂಗತಿಗಳಿಂದ ಖಚಿತವಾಗಿ ಹೊರಡುವುದು) – ಕೇಳಿರುವುದು ಯಾವುದು ಎಂದು ಗೊತ್ತಾದ ಮೇಲೆ ವಾದ ಓದಬೇಕು, ಏಕೆಂದರೆ ಹುಡುಕುವ ವಸ್ತು ಬೇರೆ ಬೇರೆ. ಆಮೇಲೆ ವಾದವನ್ನು ಒಂದೇ ಸಲ, ಅರ್ಥವಾಗುವ ವೇಗದಲ್ಲಿ ಓದಿ ಎರಡು ಸಂಗತಿ ಹೆಕ್ಕಬೇಕು: ತೀರ್ಮಾನ ಯಾವುದು, ಆಧಾರ ಯಾವುದು. ಕೊನೆಗೆ ಹತ್ತು ಸೆಕೆಂಡ್ ಪರದೆಯಿಂದ ಕಣ್ಣು ತೆಗೆದು, ಆಧಾರದಿಂದ ತೀರ್ಮಾನಕ್ಕೆ ಹಾರಿದ್ದಾರಲ್ಲ, ನಡುವೆ ಇರುವ ಹಳ್ಳ ಎಷ್ಟಗಲ ಎಂದು ಕೇಳಿಕೊಳ್ಳಬೇಕು. ಈ ಹತ್ತು ಸೆಕೆಂಡನ್ನೇ ಎಲ್ಲರೂ ದಂಡ ಎಂದುಕೊಳ್ಳುವುದು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಕಲ್ಪಿತ ವಾದ, ಆದರೆ ಅಚ್ಚು ಪರೀಕ್ಷೆಯದ್ದೇ.

‘ಒಂದು ನಗರದಲ್ಲಿ ಎರಡು ವರ್ಷದ ಹಿಂದೆ ಹೊಸ ಮನೆಗಳಿಗೆಲ್ಲ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಅಲ್ಲಿಂದೀಚೆಗೆ ಖಾಸಗಿ ಟ್ಯಾಂಕರ್ ನೀರಿನ ಮಾರಾಟ ಶೇ 30ರಷ್ಟು ಇಳಿದಿದೆ. ಈ ನಿಯಮದಿಂದಾಗಿಯೇ ನಗರದ ಜನ ಟ್ಯಾಂಕರ್ ಮೇಲಿನ ಅವಲಂಬನೆ ತಗ್ಗಿಸಿಕೊಂಡಿದ್ದಾರೆ.’ ಈ ವಾದವನ್ನು ಅತಿ ಹೆಚ್ಚು ದುರ್ಬಲಗೊಳಿಸುವುದು ಯಾವುದು?

ಎ. ನಿಯಮಕ್ಕೆ ಮೊದಲೇ ಕಟ್ಟಿದ ಕೆಲವು ಮನೆಗಳಲ್ಲೂ ಕೊಯ್ಲು ವ್ಯವಸ್ಥೆ ಇತ್ತು.
ಬಿ. ಟ್ಯಾಂಕರ್ ನೀರಿನ ದರ ನೆರೆಯ ನಗರಗಳಲ್ಲೂ ಇಲ್ಲಿನಷ್ಟೇ ಇದೆ.
ಸಿ. ಮೊದಲು ಟ್ಯಾಂಕರನ್ನೇ ನಂಬಿದ್ದ ಹೊರವಲಯದ ಬಡಾವಣೆಗಳಿಗೆ ಈ ಎರಡು ವರ್ಷಗಳಲ್ಲಿ ನಲ್ಲಿ ನೀರು ಬಂದಿದೆ.
ಡಿ. ಕೊಯ್ಲು ವ್ಯವಸ್ಥೆಯಿಂದ ಮನೆ ಕಟ್ಟುವ ಖರ್ಚು ಏರುವುದರಿಂದ ನಿಯಮಕ್ಕೆ ಅನೇಕರ ವಿರೋಧವಿದೆ.
ಇ. ಕೊಯ್ಲು ಇರುವ ಹೊಸ ಮನೆಗಳವರು ಕೊಯ್ಲು ಇಲ್ಲದವರಿಗಿಂತ ಕಡಿಮೆ ಟ್ಯಾಂಕರ್ ತರಿಸುತ್ತಾರೆ.

ತೀರ್ಮಾನ ‘ನಿಯಮದಿಂದಾಗಿಯೇ’ ಎಂಬುದು. ಆಧಾರ, ನಿಯಮ ಬಂದ ಮೇಲೆ ಮಾರಾಟ ಇಳಿದದ್ದು. ಹಳ್ಳ ಸ್ಪಷ್ಟ: ಒಂದಾದ ಮೇಲೊಂದು ನಡೆದದ್ದನ್ನು ಒಂದರಿಂದ ಒಂದು ಆಯಿತು ಎಂದಿದ್ದಾರೆ. ಅಷ್ಟು ಹೊಳೆದರೆ ನೀವು ಹುಡುಕುವುದು ಒಂದೇ ಬಗೆಯದ್ದು, ಇಳಿಕೆಗೆ ಬೇರೆ ಕಾರಣ. ಅದು ಮಳೆಯೋ, ಟ್ಯಾಂಕರ್ ಮುಷ್ಕರವೋ, ಜನ ಊರು ಬಿಟ್ಟದ್ದೋ ಎಂದು ಮೊದಲೇ ಊಹಿಸುತ್ತ ಕೂರಬೇಡಿ. ಊಹೆ ನಿರ್ದಿಷ್ಟವಾದಷ್ಟೂ ಅದು ಆಯ್ಕೆಗಳಲ್ಲಿ ಸಿಗದೆ ತಬ್ಬಿಬ್ಬಾಗುತ್ತೀರಿ. ಬಗೆ ಗೊತ್ತಿದ್ದರೆ ಸಾಕು.

ಈಗ ಆಯ್ಕೆಗಳು. ಎ – ‘ಕೆಲವು’ ಮನೆ, ಅದೂ ಮೊದಲಿನಿಂದ ಇದ್ದದ್ದು. ಎರಡು ವರ್ಷದ ಇಳಿಕೆಗೆ ಸಂಬಂಧವಿಲ್ಲ. ಬಿ ಬೇರೆ ಊರಿನ ದರದ ಮಾತು. ಡಿ ಬುದ್ಧಿವಂತರನ್ನೇ ಹಿಡಿಯುವ ಬಲೆ: ಅದು ನಿಯಮವನ್ನು ಬೈಯುತ್ತದೆ, ವಾದವನ್ನಲ್ಲ. ಜನಕ್ಕೆ ಇಷ್ಟವಿಲ್ಲದ ನಿಯಮವೂ ಕೆಲಸ ಮಾಡಿರಬಹುದು. ಇ ವಾದಕ್ಕೆ ಬಲ ಕೊಡುತ್ತದೆ. ಆತುರದಲ್ಲಿದ್ದವರು ಕೇಳಿದ್ದು ವೀಕನ್ ಎಂಬುದನ್ನೇ ಮರೆತು ಇದನ್ನು ಒತ್ತುತ್ತಾರೆ. ಉಳಿದದ್ದು ಸಿ. ಟ್ಯಾಂಕರ್ ಬೇಡವಾದದ್ದು ನಲ್ಲಿ ನೀರಿನಿಂದ.

ಹಳ್ಳ ಕಾಣದೆ ನೇರ ಆಯ್ಕೆಗೆ ಹೋದವರು ಸಿಯನ್ನು ‘ನಲ್ಲಿ ನೀರಿನ ಮಾತೇ ವಾದದಲ್ಲಿಲ್ಲವಲ್ಲ’ ಎಂದು ಹೊಡೆದುಹಾಕುವುದುಂಟು. ‘ಔಟ್ ಆಫ್ ಸ್ಕೋಪ್’ ಎಂಬ ಕೋಚಿಂಗ್ ಮಂತ್ರದ ಅಡ್ಡಪರಿಣಾಮ ಇದು. ವೀಕನ್, ಸ್ಟ್ರೆಂಗ್ತನ್ ಪ್ರಶ್ನೆಗಳಲ್ಲಿ ಸರಿ ಉತ್ತರ ಹೊಸ ಸಂಗತಿ ತರುವುದು ತೀರಾ ಸಹಜ. ಹೊಸತೋ ಹಳತೋ ಎಂದು ನೋಡದೆ, ತೀರ್ಮಾನಕ್ಕೆ ತಟ್ಟುತ್ತದೆಯೋ ಇಲ್ಲವೋ ಎಂದು ನೋಡಿ.

ಆಯ್ಕೆಗಳ ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಎಂಟು ಸೆಕೆಂಡ್. ಪರದೆಯಲ್ಲಿ ಆಯ್ಕೆಗಳ ಮುಂದೆ ಅಕ್ಷರ ಇರುವುದಿಲ್ಲ, ಬರೀ ಸುತ್ತು ಇರುತ್ತದೆ. ನೋಟ್‌ಬೋರ್ಡಿನಲ್ಲಿ ನೀವೇ ಎ ಇಂದ ಇ ತನಕ ಬರೆದುಕೊಂಡು, ಹೋದದ್ದಕ್ಕೆ ಗೆರೆ, ಅನುಮಾನವಿದ್ದದ್ದಕ್ಕೆ ಚುಕ್ಕೆ ಹಾಕಿ. ಅನುಮಾನದ್ದರ ಜೊತೆ ಆಗಲೇ ಜಗಳಕ್ಕೆ ಇಳಿಯಬೇಡಿ, ಚುಕ್ಕೆ ಹಾಕಿ ಮುಂದೆ ಹೋಗಿ. ಬಿಯ ಹತ್ತಿರ ಅರ್ಧ ನಿಮಿಷ ತಿಣುಕಿದ ಮೇಲೆ ಸಿ ಓದಿದೊಡನೆ ಉತ್ತರ ಅದೇ ಎಂದು ಗೊತ್ತಾದರೆ ಆ ಅರ್ಧ ನಿಮಿಷ ನೀರಿನಲ್ಲಿ ಹೋಮ.

ಕೊನೆಗೆ ಎರಡು ಉಳಿದಾಗ ಪೂರ್ತಿ ವಾದಕ್ಕೆ ವಾಪಸ್ ಹೋಗುವುದೇ ನಿಮ್ಮ 100 ಸೆಕೆಂಡಿನ ಮೂಲ. ತೀರ್ಮಾನದ ಒಂದು ವಾಕ್ಯವನ್ನು ಮಾತ್ರ ಮತ್ತೆ ಓದಿ. ಎರಡು ಆಯ್ಕೆಗಳ ನಡುವಿನ ವ್ಯತ್ಯಾಸದ ಪದ ಯಾವುದು ಎಂದು ಹುಡುಕಿ. ಬಹಳ ಸಲ ಅದು ‘ಮೋಸ್ಟ್’, ‘ಸಮ್’, ‘ಓನ್ಲಿ’ ಅಥವಾ ಒಂದು ಕಾಲಸೂಚಕ ಪದ. ಆ ಪದದ ಮೇಲೆ ತೀರ್ಪು ಕೊಡಿ. ಅಸಂಪ್ಶನ್ ಪ್ರಶ್ನೆಯಾದರೆ ನೆಗೇಷನ್ ಪರೀಕ್ಷೆ ಇದೆ: ಆಯ್ಕೆಯನ್ನು ‘ಹಾಗಲ್ಲ’ ಎಂದು ತಿರುಗಿಸಿದಾಗ ವಾದ ಕುಸಿದುಬಿದ್ದರೆ ಅದೇ ಉತ್ತರ. ಆದರೆ ಒಂದು ಆಯ್ಕೆಯನ್ನು ತಿರುಗಿಸಿ ನೋಡಲು ಹದಿನೈದಿಪ್ಪತ್ತು ಸೆಕೆಂಡ್ ಬೇಕು. ಐದಕ್ಕೂ ಮಾಡಿದರೆ ಒಂದೂವರೆ ನಿಮಿಷ ಅಲ್ಲೇ ಖರ್ಚು. ಕೊನೆಯ ಎರಡಕ್ಕೆ ಮಾತ್ರ ಇಟ್ಟುಕೊಳ್ಳಿ. ತಿರುಗಿಸುವಾಗ ‘ಎಲ್ಲ’ ಎಂಬುದರ ವಿರುದ್ಧ ‘ಎಲ್ಲವೂ ಅಲ್ಲ, ಒಂದಾದರೂ ಬಿಟ್ಟುಹೋಗಿದೆ’ ಎಂದಾಗಬೇಕು, ‘ಒಂದೂ ಇಲ್ಲ’ ಎಂದಲ್ಲ.

ಕನ್ನಡದಲ್ಲಿ ಯೋಚಿಸುವವರು ಎಡವುವ ಜಾಗವೂ ಇದೇ. ‘ಎಲ್ಲರೂ ಬರಲಿಲ್ಲ’ ಎಂದರೆ ನಮ್ಮ ಕಿವಿಗೆ ಯಾರೂ ಬರಲಿಲ್ಲ ಎಂದೂ ಕೇಳಬಹುದು, ಕೆಲವರಷ್ಟೇ ಬಂದರು ಎಂದೂ ಕೇಳಬಹುದು. ಇಂಗ್ಲಿಷಿನ ‘ನಾಟ್ ಆಲ್’ಗೆ ಎರಡನೆಯ ಅರ್ಥ ಮಾತ್ರ. ‘ಫ್ಯೂ’ ಎಂದರೆ ಹೆಚ್ಚುಕಡಿಮೆ ಯಾರೂ ಇಲ್ಲ, ‘ಎ ಫ್ಯೂ’ ಎಂದರೆ ಕೆಲವರು ಇದ್ದಾರೆ. ಮನಸ್ಸಿನಲ್ಲಿ ಅನುವಾದಿಸುವಾಗ ಎರಡೂ ‘ಕೆಲವರು’ ಆಗಿಬಿಡುತ್ತವೆ. ‘ಓನ್ಲಿ ಇಫ್’ ಕೂಡ ಹಾಗೇ: ‘ಮಳೆ ಬಂದರೆ ಮಾತ್ರ ಕೆರೆ ತುಂಬುತ್ತದೆ’ ಎಂದರೆ ಕೆರೆ ತುಂಬಿದ್ದರೆ ಮಳೆ ಬಂದಿದೆ ಎನ್ನಬಹುದು, ಮಳೆ ಬಂದಿದೆ ಎಂದಮಾತ್ರಕ್ಕೆ ಕೆರೆ ತುಂಬಿದೆ ಎನ್ನಲಾಗದು. ಇಂಥ ಹತ್ತು ಹನ್ನೆರಡು ಪದಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನಿಮ್ಮದೇ ಕನ್ನಡ ವಾಕ್ಯ ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ.

ಇನ್ನೊಂದು ಅಭ್ಯಾಸಬಲ: ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಾವು ಮುಖ್ಯ ಮಾತಿಗಾಗಿ ಕೊನೆಯವರೆಗೆ ಕಾಯುತ್ತೇವೆ. ಜಿಮ್ಯಾಟ್ ವಾದದಲ್ಲಿ ತೀರ್ಮಾನ ಮೊದಲ ಸಾಲಲ್ಲೇ ಬಂದುಹೋಗಿರಬಹುದು, ನಡುವೆ ‘ಬಟ್’ ಆದಮೇಲೆ ಅಡಗಿರಬಹುದು. ಗುರುತು ಸಿಗದಿದ್ದರೆ ಎರಡು ವಾಕ್ಯಗಳ ನಡುವೆ ‘ಆದ್ದರಿಂದ’ ಇಟ್ಟು ಹಿಂದುಮುಂದು ಓದಿ. ಸರಿಯಾಗಿ ಕೂರುವ ಕಡೆ, ‘ಆದ್ದರಿಂದ’ದ ನಂತರ ಬರುವುದೇ ತೀರ್ಮಾನ.

ಎಲ್ಲ ಬಗೆಯ ಪ್ರಶ್ನೆಗೂ ಒಂದೇ ವಿಧಾನ ಹಾಕಬೇಡಿ. ಇನ್ಫರೆನ್ಸ್‌ನಲ್ಲಿ ತೀರ್ಮಾನವೇ ಇರುವುದಿಲ್ಲ, ಹಳ್ಳ ಹುಡುಕಿದರೆ ಹೊತ್ತು ದಂಡ. ಅಲ್ಲಿ ಕೊಟ್ಟ ಸಂಗತಿಗಳನ್ನು ಗಟ್ಟಿಯಾಗಿ ಹಿಡಿದು ನೇರ ಆಯ್ಕೆಗೆ ಹೋಗಿ. ‘ನಿಜವಾಗಿರಲೇಬೇಕೇ’ ಎಂಬುದೊಂದೇ ಪ್ರಶ್ನೆ. ಲೋಕಜ್ಞಾನದ ಪ್ರಕಾರ ನಿಜ ಅನಿಸುವುದು ಲೆಕ್ಕಕ್ಕಿಲ್ಲ. ಶೇಕಡಾವಾರು ಕೊಟ್ಟಲ್ಲಿ ಸಂಖ್ಯೆಯ ಬಗ್ಗೆ ಆಯ್ಕೆ ಬಂದರೆ ಎಚ್ಚರ: ಪಾಲು ಇಳಿದರೂ ಒಟ್ಟು ಬೆಳೆದಿದ್ದರೆ ಸಂಖ್ಯೆ ಏರಿರಬಹುದು. ವಿರೋಧಾಭಾಸ ಬಿಡಿಸುವ ಪ್ರಶ್ನೆಯಲ್ಲಿ ‘ಹೀಗಿದೆ, ಆದರೂ ಹಾಗಾಗಿದೆ’ ಎಂದು ಒಂದೇ ವಾಕ್ಯ ಕಟ್ಟಿಕೊಳ್ಳಿ. ಎರಡನ್ನೂ ನಿಜವಾಗಿಯೇ ಉಳಿಸಿ ಸೇತುವೆ ಹಾಕುವುದು ಉತ್ತರ, ಒಂದನ್ನು ಸುಳ್ಳು ಮಾಡುವುದಲ್ಲ. ಇವೆರಡು ಬಗೆ ಒಂದೂಮುಕ್ಕಾಲು ನಿಮಿಷಕ್ಕೆ ಬರುವಂತಾದರೆ, ಉಳಿದದ್ದು ಬೋಲ್ಡ್‌ಫೇಸ್‌ಗೂ ಉದ್ದನೆಯ ಅಸಂಪ್ಶನ್‌ಗೂ ಸಿಗುತ್ತದೆ. ಬೋಲ್ಡ್‌ಫೇಸ್‌ನಲ್ಲಿ ದಪ್ಪಕ್ಷರದ ಎರಡು ಭಾಗ ತೀರ್ಮಾನದ ಪರವೋ ವಿರುದ್ಧವೋ ಅಥವಾ ಅದೇ ತೀರ್ಮಾನವೋ ಎಂದಷ್ಟೇ ಗುರುತಿಸಿ; ಆಯ್ಕೆಗಳ ಮೊದಲರ್ಧ ಓದಿಯೇ ಎರಡು ಮೂರನ್ನು ತೆಗೆದುಹಾಕಬಹುದು.

ಪರೀಕ್ಷೆಯ ದಿನಕ್ಕೆ ಎರಡು ನಿಯಮ ಸಾಕು. ಒಂದು, ಎರಡೂವರೆ ನಿಮಿಷ ದಾಟಿದರೆ ಉಳಿದ ಎರಡರಲ್ಲಿ ಒಂದನ್ನು ಒತ್ತಿ, ಬುಕ್‌ಮಾರ್ಕ್ ಹಾಕಿ ಮುಂದೆ ಹೋಗಿ. ವಿಭಾಗದ ಎಲ್ಲ ಪ್ರಶ್ನೆ ಮುಗಿದ ಮೇಲೆ ಸಮಯ ಮಿಕ್ಕಿದ್ದರೆ ಹಿಂದಿರುಗಿ ನೋಡಬಹುದು, ಆದರೆ ವಿಭಾಗಕ್ಕೆ ಮೂರು ಉತ್ತರ ಮಾತ್ರ ಬದಲಿಸಬಹುದು. ಎಂಟು ಹತ್ತು ಬುಕ್‌ಮಾರ್ಕ್ ಹಾಕಿಟ್ಟರೆ ಯಾವುದನ್ನು ನೋಡುವುದು ಎಂದು ಯೋಚಿಸುವುದರಲ್ಲೇ ನಿಮಿಷ ಹೋಗುತ್ತದೆ, ಮೂರಕ್ಕೆ ನಿಲ್ಲಿಸಿ. ಎರಡು, ಗಡಿಯಾರವನ್ನು ಪ್ರತಿ ಪ್ರಶ್ನೆಗೆ ನೋಡದೆ ಮೂರು ಕಡೆ ಮಾತ್ರ ನೋಡಿ: 6 ಪ್ರಶ್ನೆ ಮುಗಿದಾಗ 33 ನಿಮಿಷ, 12 ಮುಗಿದಾಗ 21, 18 ಮುಗಿದಾಗ 10 ಉಳಿದಿರಬೇಕು. ಆಗಷ್ಟೇ ದೊಡ್ಡ ಪ್ಯಾಸೇಜ್ ಓದಿ ಮುಗಿಸಿದ್ದರೆ ಒಂದೂವರೆ ನಿಮಿಷ ಹಿಂದಿದ್ದರೂ ಗಾಬರಿ ಬೇಡ. ಮೂರು ನಿಮಿಷ ಹಿಂದಿದ್ದರೆ, ಮುಂದೆ ಬರುವ ಒಂದು ಕಠಿಣ ಕ್ರಿಟಿಕಲ್ ರೀಸನಿಂಗ್ ಪ್ರಶ್ನೆಯನ್ನು 30 ಸೆಕೆಂಡಿನಲ್ಲಿ ಊಹೆಗೆ ಬಿಟ್ಟು ಅರ್ಧ ಸಾಲ ತೀರಿಸಿ. ಐದು ಪ್ರಶ್ನೆಗಳಲ್ಲಿ ತಲಾ ಅರ್ಧ ನಿಮಿಷ ಉಳಿಸಹೊರಟರೆ ಐದೂ ಕೆಡುತ್ತವೆ. ಹೇಗೂ ಇದು ಅಡಾಪ್ಟಿವ್ ಪರೀಕ್ಷೆ, ಚೆನ್ನಾಗಿ ಮಾಡಿದಷ್ಟೂ ಕಷ್ಟದ್ದು ಬರುತ್ತದೆ. ಕೆಲವು ತಪ್ಪುವುದು ಲೆಕ್ಕದಲ್ಲೇ ಇದೆ.

ಅಭ್ಯಾಸದ ವಿಷಯ. ನಿಮ್ಮ ಎಂಟು, ಐದು ಎಂಬ ಅಂಕಿಯಲ್ಲೇ ರೋಗಪತ್ತೆ ಇದೆ: ಗಡಿಯಾರ ಇಲ್ಲದೆಯೂ ತಪ್ಪುವ ಎರಡು ತರ್ಕದ ಕೊರತೆ, ಗಡಿಯಾರ ಇಟ್ಟಾಗ ಮಾತ್ರ ತಪ್ಪುವ ಮೂರು ವಿಧಾನದ ಕೊರತೆ. ಎರಡಕ್ಕೂ ಮದ್ದು ಬೇರೆ. ಬೇರ್ಪಡಿಸಲು ಪ್ರತಿ ಸೆಟ್ಟನ್ನು ಸಮಯ ಹಿಡಿದು ಮಾಡಿದ ಮೇಲೆ, ಕೀ ಉತ್ತರ ನೋಡುವ ಮುಂಚೆ, ಅನುಮಾನವಿದ್ದವನ್ನು ಗಡಿಯಾರ ಇಲ್ಲದೆ ಇನ್ನೊಮ್ಮೆ ಮಾಡಿ, ಎರಡೂ ಉತ್ತರ ಅಕ್ಕಪಕ್ಕ ಬರೆದಿಡಿ. ಮೊದಲ ಮೂರು ವಾರ ಒಂದೊಂದೇ ಬಗೆಯನ್ನು ದಿನಕ್ಕೆ ಎಂಟು ಹತ್ತರಂತೆ, ಸಮಯದ ಮಿತಿ ಇಲ್ಲದೆ, ಆದರೆ ಲ್ಯಾಪ್ ಒತ್ತುತ್ತ ಮಾಡಿ. ಹತ್ತರಲ್ಲಿ ಎಂಟು ಒಂದೇ ಸಮ ಬಂದ ಬಗೆಯನ್ನು ಮಾತ್ರ ಸಮಯಕ್ಕೆ ಒಡ್ಡಿ. ನಾಲ್ಕನೆಯ ವಾರದಿಂದ ಮಿಶ್ರ ಸೆಟ್: ಐದು ಪ್ರಶ್ನೆ, ಹತ್ತು ನಿಮಿಷ. ಒಂದೊಂದಕ್ಕೆ ಎರಡೆರಡು ನಿಮಿಷದ ಅಲಾರಂ ಇಡಬೇಡಿ; ಒಂದರಲ್ಲಿ ಉಳಿಸಿ ಇನ್ನೊಂದಕ್ಕೆ ಹಾಕುವುದನ್ನೂ ಕಲಿಯಬೇಕಲ್ಲ.

ಪ್ರಶ್ನೆಗಳು ಅಧಿಕೃತವಾಗಿರಲಿ, ಅಂದರೆ ಪರೀಕ್ಷೆ ನಡೆಸುವ ಸಂಸ್ಥೆ ಜಿಮ್ಯಾಕ್‌ನ ಅಫಿಶಿಯಲ್ ಗೈಡ್‌ನವು. ಪುಕ್ಕಟೆ ಸಿಗುವ ಕಂಡಕಂಡ ಪ್ರಶ್ನೆಗಳಲ್ಲಿ ಎರಡು ಆಯ್ಕೆ ಸಮಸಮ ಸರಿ ಇರುವುದು ಮಾಮೂಲು, ಅವು ‘ಇದೂ ಇರಬಹುದು, ಅದೂ ಇರಬಹುದು’ ಎಂಬ ತೂಗಾಟವನ್ನೇ ಕಲಿಸುತ್ತವೆ. ಅಧಿಕೃತ ಪ್ರಶ್ನೆ ಮುಗಿದವರು ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನ ಲಾಜಿಕಲ್ ರೀಸನಿಂಗ್ ಹಳೆಯ ಪತ್ರಿಕೆ ಹಿಡಿಯುತ್ತಾರೆ, ತರ್ಕಕ್ಕೆ ಒಳ್ಳೆಯದೇ. ಆದರೆ ಅಲ್ಲಿ 35 ನಿಮಿಷಕ್ಕೆ ಸುಮಾರು 25 ಪ್ರಶ್ನೆ, ಆ ಲಯ ಬೇರೆ. ಸಮಯದ ಅಭ್ಯಾಸಕ್ಕೆ ಅದನ್ನು ಬಳಸಬೇಡಿ.

ಎರಡು ತಿಂಗಳು ಸಾಕೇ ಎಂದಿರಿ. ಜಿಮ್ಯಾಕ್ ಕೊಡುವ ಎರಡು ಉಚಿತ ಅಧಿಕೃತ ಮಾಕ್‌ಗಳಲ್ಲಿ (ಅಣಕು ಪರೀಕ್ಷೆ) ಒಂದನ್ನು ಐದನೆಯ ವಾರದ ಕೊನೆಗೆ ಬರೆಯಿರಿ. ಕ್ರಿಟಿಕಲ್ ರೀಸನಿಂಗ್ ಸರಾಸರಿ 2 ನಿಮಿಷ 10 ಸೆಕೆಂಡಿನೊಳಗೆ ಇದ್ದು ಹತ್ತಕ್ಕೆ ಏಳು ಬಂದಿದ್ದರೆ ದಿನಾಂಕ ಹಾಗೇ ಇರಲಿ. ಎರಡೂಮುಕ್ಕಾಲಿನಲ್ಲೇ ಇದ್ದರೆ ಅದೇ ವಾರ ಮುಂದೂಡಿ, ಪರೀಕ್ಷೆ ಹತ್ತಿರವಾದಷ್ಟೂ ಬದಲಾವಣೆಯ ಶುಲ್ಕ ಏರುತ್ತದೆ. ಒಮ್ಮೆ ಬರೆದು ಸರಿಹೋಗದಿದ್ದರೆ 16 ದಿನ ಕಳೆದು ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಸಲದವರೆಗೆ. ಇಪಿಜಿಪಿಯ ಅರ್ಜಿ ಸುತ್ತಿನ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ, ಆ 16 ದಿನ ಒಳಗೆ ಹಿಡಿಸುವಂತೆ ಮೊದಲ ಪ್ರಯತ್ನದ ದಿನಾಂಕ ಇಟ್ಟುಕೊಳ್ಳಿ.